ಕೊಡಗಿನ ಆರ್ಕಿಟೆಕ್ಟ್‌ಗೆ ಹೊರದೇಶದ ಲೈಸೆನ್ಸ್: ಯಾವ ದಾರಿ ಯಾರಿಗೆ?

ಮೈಸೂರಿನಲ್ಲೋ ಮಂಗಳೂರಿನಲ್ಲೋ ಐದು ವರ್ಷ ಬಿ.ಆರ್ಕ್ ಓದಿ, ಊರಿಗೆ ಬಂದು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಒಂದಷ್ಟು ಮನೆ, ಹೋಂಸ್ಟೇ ಕಟ್ಟಿಸಿದ ಹುಡುಗ ಹುಡುಗಿಯರು ಈಗ ಹೊರದೇಶದ ಕಡೆ ನೋಡುತ್ತಿದ್ದಾರೆ. ಹೆಚ್ಚಿನವರು ಮೊದಲು ಕೇಳುವುದು "ಯಾವ ದೇಶ ಸುಲಭ?" ಅಂತ. ಅದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಓದು ಮುಗಿದು ಎಷ್ಟು ವರ್ಷ ಆಯಿತು? ಮಾಡಿದ ಕೆಲಸಕ್ಕೆ ಕಾಗದ ಇದೆಯಾ? ಕೊನೆಗೆ ಎಲ್ಲಿ ನೆಲೆಸಬೇಕು ಅಂತಿದ್ದೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ದೇಶ ಯಾವುದು ಅಂತ ಬೇಗ ಗೊತ್ತಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ ಬೇರೆ, ಲೈಸೆನ್ಸ್ ಬೇರೆ. ಇಲ್ಲಿನ ನೋಂದಣಿ ತೋರಿಸಿ ಟೊರಾಂಟೊದಲ್ಲೋ ಸಿಡ್ನಿಯಲ್ಲೋ ನೇರವಾಗಿ ಪ್ಲಾನ್‌ಗೆ ಸಹಿ ಹಾಕಲು ಆಗುವುದಿಲ್ಲ. ಅಮೆರಿಕವು ಕೆನಡಾ, ಮೆಕ್ಸಿಕೊ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಜೊತೆ ಪರಸ್ಪರ ಒಪ್ಪಂದ ಮಾಡಿಕೊಂಡಿದೆ. ಆ ಪಟ್ಟಿಯಲ್ಲಿ ನಾವಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಓದಿನ ಪರಿಶೀಲನೆ, ಅನುಭವದ ಲೆಕ್ಕ, ಪರೀಕ್ಷೆ ಅಥವಾ ಸಂದರ್ಶನ ಎಂಬ ಮೂರು ಹಂತ ಯಾವುದಾದರೂ ರೂಪದಲ್ಲಿ ಎದುರಾಗುತ್ತವೆ.

ಹೊರಡುವ ಮುಂಚೆ ಇಲ್ಲಿನ ನೋಂದಣಿ

1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ಇರುವವರು ಮಾತ್ರ ಭಾರತದಲ್ಲಿ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಬಿ.ಆರ್ಕ್ ಮುಗಿದ ಮೇಲೆ ಇದಕ್ಕೆ ಬೇರೆ ಪರೀಕ್ಷೆ ಇಲ್ಲ, ಅರ್ಜಿ ಹಾಕಿದರೆ ಆಯಿತು. ಆದರೂ ನಮ್ಮ ಕಡೆ ಎಷ್ಟೋ ಜನ ಇದನ್ನು ಮುಂದಕ್ಕೆ ತಳ್ಳುತ್ತಾರೆ. ಸಣ್ಣ ಆಫೀಸು, ಪ್ಲಾನ್‌ಗೆ ಸೀನಿಯರ್ ಸಹಿ ಹಾಕುತ್ತಾರೆ ಅಥವಾ ಇಂಜಿನಿಯರ್ ಸಹಿ ಹಾಕುತ್ತಾರೆ, ನನಗೆ ಯಾಕೆ ಅಂತ.

ಯಾಕೆ ಅಂದರೆ, ಅನುಭವಸ್ಥರಿಗಾಗಿ ಇರುವ ಹೊರದೇಶದ ದಾರಿಗಳಲ್ಲಿ ಕೆಲವು, ಉದಾಹರಣೆಗೆ ಕೆನಡಾದ ಮತ್ತು ಅಮೆರಿಕದವು, "ನಿಮ್ಮ ದೇಶದಲ್ಲಿ ನೋಂದಾಯಿತ ಆರ್ಕಿಟೆಕ್ಟಾ?" ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತವೆ. ಹತ್ತು ವರ್ಷ ಕೆಲಸ ಮಾಡಿ ನೋಂದಣಿಯೇ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ನೋಂದಣಿ ಚಾಲ್ತಿಯಲ್ಲಿದೆ, ನಿಮ್ಮ ಮೇಲೆ ಶಿಸ್ತುಕ್ರಮ ಯಾವುದೂ ಇಲ್ಲ ಎಂಬ ಪತ್ರವನ್ನೂ ಹೊರಗಿನವರು ಕೇಳುತ್ತಾರೆ. ಹೊರಗೆ ಹೋದ ಮೇಲೂ ರಿನೀವಲ್ ಬಿಡಬೇಡಿ.

ಕೆನಡಾ

ಕೊಡಗಿನವರು ಹೆಚ್ಚು ವಿಚಾರಿಸುವುದು ಇದರ ಬಗ್ಗೆಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆನಡಾದಲ್ಲಿ ಲೈಸೆನ್ಸ್ ಕೊಡುವುದು ಪ್ರಾಂತ್ಯಗಳು. ಒಂಟಾರಿಯೊಗೆ ಓಎಎ, ಬ್ರಿಟಿಷ್ ಕೊಲಂಬಿಯಾಗೆ ಎಐಬಿಸಿ, ಹೀಗೆ. ಆದರೆ ಓದನ್ನು ಪರಿಶೀಲಿಸುವುದು ಇಡೀ ದೇಶಕ್ಕೆ ಒಂದೇ ಸಂಸ್ಥೆ, ಸಿಎಸಿಬಿ. ಅದು ಸರ್ಟಿಫಿಕೇಟ್ ಕೊಟ್ಟ ಮೇಲೆ ಪ್ರಾಂತ್ಯದ ಸಂಸ್ಥೆಯಲ್ಲಿ ಇಂಟರ್ನ್ ಆಗಿ ಸೇರಬೇಕು. 3,720 ಗಂಟೆಗಳ ಅನುಭವವನ್ನು ಲಾಗ್‌ಬುಕ್‌ನಲ್ಲಿ ಬರೆದು, ಮೇಲ್ವಿಚಾರಣೆ ಮಾಡುವ ಆರ್ಕಿಟೆಕ್ಟ್ ಮತ್ತು ಮೆಂಟರ್ ಇಬ್ಬರಿಂದಲೂ ಒಪ್ಪಿಗೆ ಪಡೆಯಬೇಕು. ಜೊತೆಗೆ ನಾಲ್ಕು ಭಾಗಗಳ ಎಕ್ಸ್‌ಎಸಿ ಪರೀಕ್ಷೆ. ಇದು ಹೊಸದಾಗಿ ಓದು ಮುಗಿಸಿದವರ ದಾರಿ.

ಇನ್ನೊಂದು ದಾರಿ ಬೆಫಾ. ತಮ್ಮ ದೇಶದಲ್ಲಿ ಲೈಸೆನ್ಸ್ ಇರುವ, ಕನಿಷ್ಠ ಏಳು ವರ್ಷ ಅನುಭವ ಇರುವ ಆರ್ಕಿಟೆಕ್ಟ್‌ಗಳಿಗೆ ಇದು. ಇಲ್ಲಿ ಇಂಟರ್ನ್ ಆಗಿ ಮತ್ತೆ ಮೊದಲಿಂದ ಗಂಟೆ ಲೆಕ್ಕ ಹಾಕುವುದು, ಎಕ್ಸ್‌ಎಸಿ ಬರೆಯುವುದು ಇಲ್ಲ. ಯಾವ ಯಾವ ಕೆಲಸ ನಿಮಗೆ ಬರುತ್ತದೆ ಅನ್ನುವುದನ್ನು ನಿಮ್ಮದೇ ಪ್ರಾಜೆಕ್ಟ್‌ಗಳ ಉದಾಹರಣೆ ಕೊಟ್ಟು ಬರೆದು ತೋರಿಸಬೇಕು. ಆಮೇಲೆ ಆರ್ಕಿಟೆಕ್ಟ್‌ಗಳ ತಂಡ ಕೂತು ಸಂದರ್ಶನ ಮಾಡುತ್ತದೆ. ಮೂವತ್ತೈದು ದಾಟಿದವರು, ಸ್ವಂತ ಪ್ರ್ಯಾಕ್ಟೀಸ್ ನಡೆಸಿದವರು ಇಂಟರ್ನ್ ದಾರಿಗೆ ಹೋಗುವ ಮುಂಚೆ ಬೆಫಾ ಬಗ್ಗೆ ಖಂಡಿತ ಓದಿಕೊಳ್ಳಿ. ಹತ್ತು ವರ್ಷ ಸೈಟಿನಲ್ಲಿ ನಿಂತು ಕೆಲಸ ಮಾಡಿಸಿದವರು ಇಂಥದ್ದೊಂದು ದಾರಿ ಇದೆ ಅಂತಲೇ ಗೊತ್ತಿಲ್ಲದೆ ಮತ್ತೆ ಮೊದಲಿಂದ ಶುರು ಮಾಡುವುದನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ವಲಸೆಗೆ ಅರ್ಜಿ ಹಾಕುವವರಿಗೆ ಒಂದು ಎಚ್ಚರಿಕೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ಅರ್ಜಿಯ ವ್ಯವಸ್ಥೆಯಲ್ಲಿ ಮುಖ್ಯ ವೃತ್ತಿ ಆರ್ಕಿಟೆಕ್ಟ್ ಅಂತ ತೋರಿಸಿದರೆ ಓದಿನ ವರದಿಯನ್ನು ಸಿಎಸಿಬಿಯಿಂದಲೇ ಮಾಡಿಸಬೇಕು. ಇಂಜಿನಿಯರ್ ಗೆಳೆಯರು ಬೇರೆ ಸಂಸ್ಥೆಯ ಹೆಸರು ಹೇಳುತ್ತಾರೆ. ಅವರಿಗೆ ಅದು ಸರಿ, ನಿಮಗೆ ಅಲ್ಲ. ಇನ್ನೂ ಒಂದು: ವಲಸೆಗೆ ಕೊಡುವ ವರದಿ ಬೇರೆ, ಲೈಸೆನ್ಸಿಗೆ ಬೇಕಾದ ಸರ್ಟಿಫಿಕೇಟ್ ಬೇರೆ. ಒಂದನ್ನು ಮಾಡಿಸಿ ಎರಡೂ ಆಯಿತು ಅಂತ ಕೂರಬೇಡಿ.

ಈ ಪರಿಶೀಲನೆಗೆ ಬರೀ ಅಂಕಪಟ್ಟಿ ಸಾಲದು. ಟ್ರಾನ್ಸ್‌ಕ್ರಿಪ್ಟ್ ಬೇಕು, ಯಾವ ಸೆಮಿಸ್ಟರ್‌ನಲ್ಲಿ ಯಾವ ವಿಷಯದಲ್ಲಿ ಏನೇನು ಕಲಿತಿರಿ ಎಂಬ ಸಿಲೆಬಸ್ ವಿವರವೂ ಬೇಕು. ಟ್ರಾನ್ಸ್‌ಕ್ರಿಪ್ಟ್ ಕೊಡಬೇಕಾದ ವಿಶ್ವವಿದ್ಯಾಲಯ ವಿಟಿಯು ಇರುವುದು ಬೆಳಗಾವಿಯಲ್ಲಿ, ಕೊಡಗಿಗೆ ಅದು ರಾಜ್ಯದ ಇನ್ನೊಂದು ತುದಿ. ಸ್ಕೀಮ್, ಅಂದರೆ ಸಿಲೆಬಸ್ಸಿನ ಚೌಕಟ್ಟು, ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ನೀವು ಓದಿದ ವರ್ಷದ ಸ್ಕೀಮನ್ನು ಕಾಲೇಜಿನ ಸೀಲ್ ಹಾಕಿಸಿ ಈಗಲೇ ಇಟ್ಟುಕೊಳ್ಳಿ. ಸಾಧ್ಯವಾದರೆ ಓದು ಮುಗಿದ ವರ್ಷವೇ ಟ್ರಾನ್ಸ್‌ಕ್ರಿಪ್ಟ್‌ನ ನಾಲ್ಕಾರು ಸೀಲ್ ಮಾಡಿದ ಪ್ರತಿ ತೆಗೆದುಕೊಳ್ಳಿ.

ಅಮೆರಿಕ

ಅಲ್ಲಿ 55 ಲೈಸೆನ್ಸ್ ಬೋರ್ಡ್‌ಗಳಿವೆ. ಎಲ್ಲದರ ನಡುವೆ ಕೊಂಡಿಯಾಗಿ ಎನ್‌ಕಾರ್ಬ್ ಇದೆ. ನಮ್ಮ ಡಿಗ್ರಿಯನ್ನು ಇಇಎಸ್‌ಎ ಎಂಬ ಪರಿಶೀಲನೆಗೆ ಕಳಿಸುತ್ತಾರೆ. ಯಾವುದಾದರೂ ವಿಷಯ ಕಡಿಮೆ ಬಿದ್ದರೆ ಅದನ್ನು ಓದಿ ತುಂಬಬೇಕು. ಆಮೇಲೆ ಎಎಕ್ಸ್‌ಪಿ ಅನುಭವ, ಆಮೇಲೆ ಎಆರ್‌ಇ ಪರೀಕ್ಷೆಯ ಆರು ಭಾಗ.

ಎಎಕ್ಸ್‌ಪಿ ಲೆಕ್ಕ ನೋಡಿದರೆ ಅವರು ಆರ್ಕಿಟೆಕ್ಟ್‌ನಿಂದ ಏನು ಬಯಸುತ್ತಾರೆ ಅನ್ನುವುದು ಸ್ಪಷ್ಟವಾಗುತ್ತದೆ. ಒಟ್ಟು 3,740 ಗಂಟೆ. ಅದರಲ್ಲಿ ಆಫೀಸ್ ನಡೆಸುವುದಕ್ಕೆ 160, ಪ್ರಾಜೆಕ್ಟ್ ನಿರ್ವಹಣೆಗೆ 360, ಜಾಗ ಮತ್ತು ಅಗತ್ಯಗಳ ಅಧ್ಯಯನಕ್ಕೆ 260, ಯೋಜನೆ ಮತ್ತು ವಿನ್ಯಾಸಕ್ಕೆ 1,080, ವಿವರವಾದ ಡ್ರಾಯಿಂಗ್ ಮತ್ತು ದಾಖಲೆಗೆ 1,520, ಕಟ್ಟಡ ಕೆಲಸ ನೋಡಿಕೊಳ್ಳುವುದಕ್ಕೆ 360. ವಿನ್ಯಾಸಕ್ಕಿಂತ ದಾಖಲೆಗೇ ಜಾಸ್ತಿ, ನೋಡಿ. ಕಕ್ಕಬ್ಬೆಯಲ್ಲಿ ಒಂದು ಹೋಂಸ್ಟೇ ಮಾಡಿದಿರಿ ಅಂದುಕೊಳ್ಳಿ. ತೋಟದ ಮಾಲೀಕರ ಜೊತೆ ಕೂತು ಎಷ್ಟು ಕೋಣೆ, ನೀರು ಎಲ್ಲಿಂದ, ದಾರಿ ಎಲ್ಲಿಂದ ಅಂತ ಮಾತಾಡಿದ್ದು ಅಧ್ಯಯನಕ್ಕೆ ಹೋಗುತ್ತದೆ. ಮೇಸ್ತ್ರಿಗೆ ಮಾಡಿಕೊಟ್ಟ ಕಿಟಕಿ, ಛಾವಣಿ, ಮೆಟ್ಟಿಲಿನ ಡ್ರಾಯಿಂಗ್ ದಾಖಲೆಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸುವ ಕೆಲಸವನ್ನು ಹೋಗಿ ನೋಡಿದ್ದು ಕಟ್ಟಡದ ಲೆಕ್ಕಕ್ಕೆ. ನಮ್ಮ ಸಣ್ಣ ಆಫೀಸುಗಳಲ್ಲಿ ಕಮ್ಮಿ ಬೀಳುವುದು ದಾಖಲೆಯ ಭಾಗವೇ. ಸೈಟಿಗೆ ಹೋಗಿ ಕೈ ತೋರಿಸಿ ಹೇಳುವುದರಲ್ಲಿ ನಾವು ಗಟ್ಟಿ, ಹಾಳೆ ಮೇಲೆ ಬರೆದು ಕೊಡುವುದರಲ್ಲಿ ಹಿಂದೆ.

ಬೇರೆ ದೇಶದಲ್ಲಿ ಈಗಾಗಲೇ ಲೈಸೆನ್ಸ್ ಇರುವವರಿಗೆ ಎನ್‌ಕಾರ್ಬ್‌ನಲ್ಲಿ ಫಾರಿನ್ ಆರ್ಕಿಟೆಕ್ಟ್ ದಾರಿ ಇದೆ. ಅದರಲ್ಲೂ ಎಎಕ್ಸ್‌ಪಿ ಅನುಭವ ತೋರಿಸಬೇಕು, ಎಆರ್‌ಇ ಪಾಸಾಗಬೇಕು. ಅಂದರೆ ಕೆನಡಾದ ಬೆಫಾದ ಹಾಗೆ ಪರೀಕ್ಷೆಯಿಂದ ಬಿಡುಗಡೆ ಇಲ್ಲ.

ಎಲ್ಲಕ್ಕಿಂತ ಮುಖ್ಯ ವಿಷಯ ವೀಸಾ. ಕೆನಡಾದಲ್ಲೂ ಆಸ್ಟ್ರೇಲಿಯಾದಲ್ಲೂ ವಲಸೆಗೆ ಬೇಕಾದ ಪರಿಶೀಲನೆಯನ್ನು ಆರ್ಕಿಟೆಕ್ಚರ್‌ನದೇ ಸಂಸ್ಥೆ ಮಾಡುತ್ತದೆ. ಅಮೆರಿಕದಲ್ಲಿ ಲೈಸೆನ್ಸಿಗೂ ವೀಸಾಕ್ಕೂ ಸಂಬಂಧವೇ ಇಲ್ಲ. ಎಆರ್‌ಇ ಆರೂ ಭಾಗ ಪಾಸಾದರೂ ಎಚ್-1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರದಿದ್ದರೆ ಬರಲಿಲ್ಲ. ಹಾಗಾಗಿ ಅಲ್ಲೇ ಮಾಸ್ಟರ್ಸ್ ಓದುತ್ತಿರುವವರಿಗೆ, ಮದುವೆಯಾಗಿ ಹೋಗಿ ಕೆಲಸ ಮಾಡುವ ಅನುಮತಿ ಇರುವವರಿಗೆ ಮಾತ್ರ ನಾನು ಅಮೆರಿಕದ ದಾರಿ ಹೇಳುತ್ತೇನೆ. ಇಲ್ಲಿ ಕೂತು ವೀಸಾದ ನಂಬಿಕೆ ಇಲ್ಲದೆ ಅದಕ್ಕೆ ದುಡ್ಡು ಹಾಕುವುದು ಬೇಡ.

ಆಸ್ಟ್ರೇಲಿಯಾ

ಎಎಸಿಎ ಎಂಬ ಒಂದೇ ಸಂಸ್ಥೆ ಇಲ್ಲಿ ಹೆಚ್ಚಿನ ಕೆಲಸ ಮಾಡುತ್ತದೆ. ಓದಿನ ಪರಿಶೀಲನೆ ಅವರದೇ, ವಲಸೆಗೆ ಬೇಕಾದ ಸ್ಕಿಲ್ ಅಸೆಸ್‌ಮೆಂಟ್ ಅವರದೇ. ಓದು ಒಪ್ಪಿಗೆಯಾದ ಮೇಲೆ 3,300 ಗಂಟೆ ಅನುಭವ ತೋರಿಸಿ ಎಪಿಇ ಎಂಬ ಪರೀಕ್ಷೆ ಕೊಡಬೇಕು. ಅದರಲ್ಲಿ ಅನುಭವದ ಲಾಗ್‌ಬುಕ್, ಪ್ರಶ್ನೆಪತ್ರಿಕೆ, ಸಂದರ್ಶನ ಎಂದು ಮೂರು ಭಾಗ. ಅದು ಮುಗಿದ ಮೇಲೆ ನೋಂದಣಿ ರಾಜ್ಯದ ಬೋರ್ಡಿನಲ್ಲಿ. ಏಳು ವರ್ಷ ಅನುಭವ ಇರುವ ಹೊರದೇಶದವರಿಗೆ ಇಲ್ಲೂ ಬೇರೆ ಮೌಲ್ಯಮಾಪನ ಇದೆ, ಕೆನಡಾದ ಬೆಫಾವನ್ನು ಹೋಲುವಂಥದ್ದು.

ಕೆನಡಾ, ಆಸ್ಟ್ರೇಲಿಯಾ ಎರಡರ ನಡುವೆ ತೂಗುವವರಿಗೆ ನನ್ನ ಅಭಿಪ್ರಾಯ ಇದು. ಹೊಸದಾಗಿ ಓದು ಮುಗಿಸಿದವರಿಗೆ ಆಸ್ಟ್ರೇಲಿಯಾದ ವ್ಯವಸ್ಥೆ ಅರ್ಥ ಮಾಡಿಕೊಳ್ಳಲು ಸುಲಭ, ಒಂದೇ ಬಾಗಿಲಿನಲ್ಲಿ ಕೆಲಸ ಶುರುವಾಗುತ್ತದೆ. ಅನುಭವಸ್ಥರು ಎರಡೂ ಕಡೆಯ ಏಳು ವರ್ಷದ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಮ್ಮ ದಾಖಲೆ ಯಾವುದಕ್ಕೆ ಸರಿಯಾಗಿ ಹೊಂದುತ್ತದೋ ಅದನ್ನು ಹಿಡಿಯಲಿ. ಕೆನಡಾದ ಚಳಿಗೆ ಕಟ್ಟುವ ಗೋಡೆ ನಮಗೆ ಪೂರ್ತಿ ಹೊಸದು, ಮರದ ಚೌಕಟ್ಟು, ಇನ್ಸುಲೇಷನ್ ಎಲ್ಲ ಮೊದಲಿಂದ ಕಲಿಯಬೇಕು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬ್ರಿಟನ್

ಇಲ್ಲಿ ಚುಟುಕಾಗಿ ಹೇಳಬಹುದು. 1997ರ ಕಾಯ್ದೆಯ ಪ್ರಕಾರ ನೋಂದಣಿ ಮಾಡುವುದು ಎಆರ್‌ಬಿ. ಆರ್‌ಐಬಿಎ ಸದಸ್ಯತ್ವದ ಸಂಸ್ಥೆ, ಲೈಸೆನ್ಸ್ ಕೊಡುವುದು ಅದಲ್ಲ. ಈ ಎರಡನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಅಲ್ಲಿನ ಓದು ಪಾರ್ಟ್ ಒಂದು, ಎರಡು, ಮೂರು ಅಂತ ನಡೆದುಬಂದಿದೆ. ನಮ್ಮ ಡಿಗ್ರಿಯವರು ಮೊದಲ ಎರಡಕ್ಕೆ ಸಮ ಎಂದು ಪೋರ್ಟ್‌ಫೋಲಿಯೊ ಮತ್ತು ಸಂದರ್ಶನದ ಮೂಲಕ ತೋರಿಸಿ, ಆಮೇಲೆ ಪಾರ್ಟ್ ಮೂರು ಮುಗಿಸುವುದು ರೂಢಿಯ ದಾರಿ. ಎಆರ್‌ಬಿ ಈಗ ತನ್ನ ವ್ಯವಸ್ಥೆಯನ್ನೇ ಬದಲಾಯಿಸುತ್ತಿದೆ. ಹಾಗಾಗಿ ಐದು ವರ್ಷದ ಹಿಂದೆ ಹೋದ ಅಣ್ಣನೋ ಅಕ್ಕನೋ ಹೇಳಿದ್ದನ್ನು ನಂಬಿ ಅರ್ಜಿ ತುಂಬಬೇಡಿ, ಅರ್ಜಿ ಹಾಕುವ ತಿಂಗಳಿನ ನಿಯಮವನ್ನು ಎಆರ್‌ಬಿ ಕಡೆಯಿಂದಲೇ ತಿಳಿದುಕೊಳ್ಳಿ.

ಗಲ್ಫ್

ದುಡ್ಡು ಬೇಗ ಬೇಕು, ಊರಿನ ಸಾಲ ತೀರಬೇಕು ಅನ್ನುವವರಿಗೆ ಗಲ್ಫ್ ಈಗಲೂ ಒಳ್ಳೆಯ ಆಯ್ಕೆ. ಸೌದಿಯಲ್ಲಿ ಆರ್ಕಿಟೆಕ್ಟ್‌ಗಳೂ ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್‌ನಲ್ಲೇ ನೋಂದಣಿ ಮಾಡಿಸಬೇಕು. ಡಿಗ್ರಿಯ ಅಟೆಸ್ಟೇಷನ್‌ಗೆ ಓಡಾಟ ಇದ್ದೇ ಇದೆ. ಇಲ್ಲಿ ಪರೀಕ್ಷೆಗಿಂತ ಕಾಗದದ ಕೆಲಸ ಹೆಚ್ಚು.

ಆದರೆ ಗಲ್ಫ್‌ನಿಂದ ಮುಂದೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವ ಆಲೋಚನೆ ಇದ್ದರೆ ಸೇರುವ ದಿನವೇ ಒಂದು ಪ್ರಶ್ನೆ ಕೇಳಿ: ನನ್ನ ಕೆಲಸ ನೋಡುವವರು ನೋಂದಾಯಿತ ಆರ್ಕಿಟೆಕ್ಟಾ? ಡ್ರಾಫ್ಟಿಂಗ್ ಮೇಜಿನಲ್ಲಿ, ಪ್ರಾಜೆಕ್ಟ್ ಮ್ಯಾನೇಜರ್ ಕೈಕೆಳಗೆ ಕಳೆದ ವರ್ಷಗಳನ್ನು ಆಮೇಲೆ ಆರ್ಕಿಟೆಕ್ಟ್ ಅನುಭವ ಎಂದು ತೋರಿಸುವುದು ಕಷ್ಟ. ಕೆಲಸ ಬಿಡುವಾಗ ಬರೀ ಎಕ್ಸ್‌ಪೀರಿಯೆನ್ಸ್ ಲೆಟರ್ ಸಾಲದು. ಯಾವ ಪ್ರಾಜೆಕ್ಟ್, ನಿಮ್ಮ ಪಾತ್ರ ಏನು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಅಷ್ಟೂ ಬರೆಸಿಕೊಳ್ಳಿ. ಕಂಪನಿ ಮುಚ್ಚಿದ ಮೇಲೆ ಯಾರನ್ನು ಕೇಳುತ್ತೀರಿ?

ಕೊಡಗಿನ ಕೆಲಸವನ್ನು ಕಾಗದಕ್ಕೆ ತರುವುದು

ದೇಶ ಯಾವುದೇ ಇರಲಿ, ನಮ್ಮವರು ಸೋಲುವುದು ಇಲ್ಲಿ. ಬೆಂಗಳೂರಿನ ದೊಡ್ಡ ಆಫೀಸಿನಲ್ಲಿ ಮೂರು ವರ್ಷ ಬರೀ ಟಾಯ್ಲೆಟ್ ಡೀಟೇಲ್ ಮಾಡಿದವರೂ ಇದ್ದಾರೆ. ಕೊಡಗಿನ ಸಣ್ಣ ಆಫೀಸಿನಲ್ಲಿ ಒಬ್ಬರೇ ಜಾಗ ಅಳೆಯುವುದರಿಂದ ಕೊನೆಯ ಬಿಲ್ ನೋಡುವವರೆಗೆ ಎಲ್ಲ ಮಾಡುತ್ತಾರೆ. ಬೆಫಾ, ಎಪಿಇ ಸಂದರ್ಶನಗಳಲ್ಲಿ ಕೇಳುವುದು ಇಂಥ ಅಗಲವಾದ ಅನುಭವವನ್ನೇ. ಅಷ್ಟಿದ್ದೂ ತೋರಿಸಲು ಏನೂ ಇರುವುದಿಲ್ಲ, ಯಾಕೆಂದರೆ ಎಲ್ಲ ಮಾತಿನಲ್ಲೇ ಮುಗಿದಿರುತ್ತದೆ.

ಒಂದು ತಡೆಗೋಡೆಯನ್ನೇ ತೆಗೆದುಕೊಳ್ಳಿ. ಮನೆ ಹಿಂದೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದಿದ್ದಾರೆ. 2018ರ ಆಗಸ್ಟ್ ಮಳೆಯ ನಂತರ ಕೊಡಗಿನಲ್ಲಿ ಬರೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಯಾರೂ ಇಲ್ಲ. 2019ರಲ್ಲಿ ತೋರ ಗ್ರಾಮದ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಗುಡ್ಡ ಕುಸಿತವನ್ನೂ ನೋಡಿದ್ದೇವೆ. ನೀವು ಹೋಗಿ ನೋಡಿ, ಗೋಡೆ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಇಷ್ಟಿಷ್ಟು ದೂರಕ್ಕೆ ಪೈಪ್ ಬಿಡಿ, ಮೇಲಿನ ನೀರು ಗೋಡೆಗೆ ಬರದ ಹಾಗೆ ಬರೆಯ ತಲೆಯಲ್ಲಿ ಚರಂಡಿ ತೆಗೀರಿ ಅಂತ ಮೇಸ್ತ್ರಿಗೆ ಹೇಳುತ್ತೀರಿ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ ಕಬ್ಬಿಣದ ಲೆಕ್ಕ ಕೇಳುತ್ತೀರಿ. ಗೋಡೆ ನಿಲ್ಲುತ್ತದೆ. ಮಳೆ ಬರುತ್ತದೆ, ಏನೂ ಆಗುವುದಿಲ್ಲ.

ಇದು ಒಳ್ಳೆಯ ಆರ್ಕಿಟೆಕ್ಟ್ ಮಾಡುವ ಕೆಲಸ. ಜಾಗದ ಅಪಾಯ ಗುರುತಿಸಿದ್ದು, ಬೇರೆ ಪರಿಣತರನ್ನು ಕರೆತಂದಿದ್ದು, ಸೈಟಿನಲ್ಲಿ ಸೂಚನೆ ಕೊಟ್ಟಿದ್ದು, ಮೂರೂ ಇದೆ. ಆದರೆ ಒಂದು ಹಾಳೆಯೂ ಇಲ್ಲ. ಇದನ್ನು ಸರಿಮಾಡಲು ದೊಡ್ಡ ವ್ಯವಸ್ಥೆ ಬೇಡ. ಗೋಡೆಯ ಒಂದು ಸೆಕ್ಷನ್ ಬಿಡಿಸಿ ನಂಬರ್, ತಾರೀಕು ಹಾಕಿ. ಸೈಟಿಂದ ಬಂದ ಸಂಜೆಯೇ ಏನು ನೋಡಿದಿರಿ, ಏನು ಹೇಳಿದಿರಿ ಅಂತ ನಾಲ್ಕು ಸಾಲು ಬರೆದು ಮಾಲೀಕರಿಗೆ ಮತ್ತು ಕಂಟ್ರಾಕ್ಟರ್‌ಗೆ ವಾಟ್ಸ್ಯಾಪ್‌ನಲ್ಲಿ ಬೇಡ, ಇಮೇಲ್‌ನಲ್ಲಿ ಕಳಿಸಿ. ಇಂಜಿನಿಯರ್ ಕೊಟ್ಟ ಲೆಕ್ಕವನ್ನು ಅವರ ಸಹಿಯೊಂದಿಗೆ ಇಟ್ಟುಕೊಳ್ಳಿ. ಜಲ್ಲಿ ತುಂಬುವಾಗ ಒಂದು ಫೋಟೊ, ಮುಗಿದ ಮೇಲೆ ಒಂದು. ಫೀಸು ಎಷ್ಟು, ಕೆಲಸದ ವ್ಯಾಪ್ತಿ ಏನು ಅಂತ ಶುರುವಿನಲ್ಲೇ ಒಂದು ಪತ್ರಕ್ಕೆ ಸಹಿ ಮಾಡಿಸಿ. ನೆಂಟರ ಮನೆಯಾದರೂ ಮಾಡಿಸಿ. "ನಮ್ಮವರ ಹತ್ರ ಹೇಗೆ ಕೇಳೋದು" ಅನ್ನುವ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಆ ಪತ್ರ ಇಲ್ಲದಿದ್ದರೆ ಆ ಮನೆ ನೀವು ಮಾಡಿದ್ದು ಅನ್ನುವುದಕ್ಕೇ ಸಾಕ್ಷಿ ಇಲ್ಲ. ನಗರಸಭೆಯೋ ಪಂಚಾಯಿತಿಯೋ ಮಂಜೂರು ಮಾಡಿದ ಪ್ಲಾನಿನ ಪ್ರತಿಯಲ್ಲಿ ನಿಮ್ಮ ಹೆಸರು ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ಇಡಿ.

ಹೊರಗೆ ಓದಿ ಊರಿಗೆ ಬರುವವರಿಗೆ

ಈಗ ಉಲ್ಟಾ ದಾರಿ. ಅಪ್ಪ ಅಮ್ಮ ತೋಟ ಮಾರದೆ, ಸಾಲ ಮಾಡಿ ಮಕ್ಕಳನ್ನು ಹೊರಗೆ ಓದಿಸಿರುತ್ತಾರೆ. ಮಗಳು ಮರಳಿ ಬಂದು ಗೋಣಿಕೊಪ್ಪದಲ್ಲೋ ಪೊನ್ನಂಪೇಟೆಯಲ್ಲೋ ಆಫೀಸು ಶುರು ಮಾಡಬೇಕು ಅಂತಾಳೆ. ಅವಳ ಮುಂದೆ ಎರಡು ದಾರಿ.

ಒಂದು, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ಅರ್ಜಿ ಹಾಕಿ ಹೊರದೇಶದ ಡಿಗ್ರಿಯನ್ನು ಪರಿಶೀಲನೆಗೆ ಕೊಟ್ಟು ನೋಂದಣಿ ಪಡೆಯುವುದು. ಸಮಯ ಹಿಡಿಯುತ್ತದೆ, ಆದರೆ ಆಫೀಸಿನ ಬೋರ್ಡಿನಲ್ಲಿ ಆರ್ಕಿಟೆಕ್ಟ್ ಅಂತ ಹೆಸರು ಬರೆಸಲು ಇದೊಂದೇ ದಾರಿ. ಎರಡು, ನೋಂದಾಯಿತ ಆರ್ಕಿಟೆಕ್ಟ್ ಒಬ್ಬರ ಜೊತೆ ಸೇರಿ ಡಿಸೈನರ್ ಆಗಿ ಕೆಲಸ ಮಾಡುವುದು. 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 1972ರ ಕಾಯ್ದೆ ಕಾಪಾಡುವುದು ಆ ಹೆಸರನ್ನು. ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ಎರಡನೆಯ ದಾರಿ ತಪ್ಪೇನಲ್ಲ. ಆದರೆ ಮುಂದೆ ಸರ್ಕಾರಿ ಕೆಲಸ, ಸ್ಪರ್ಧೆ, ದೊಡ್ಡ ಸಂಸ್ಥೆಯ ಪ್ರಾಜೆಕ್ಟ್ ಬಂದಾಗ ನೋಂದಣಿ ಸಂಖ್ಯೆ ಕೇಳುತ್ತಾರೆ. ಹಾಗಾಗಿ ಎರಡನೆಯದನ್ನು ಮಾಡುತ್ತಲೇ ಮೊದಲನೆಯದಕ್ಕೆ ಅರ್ಜಿ ಹಾಕಿ. ಹೊರದೇಶದಲ್ಲೇ ಪ್ರ್ಯಾಕ್ಟೀಸ್ ಇರುವವರು ಒಂದು ನಿರ್ದಿಷ್ಟ ಪ್ರಾಜೆಕ್ಟ್‌ಗೆ ಸಲಹೆಗಾರರಾಗಿ ಬರಲು ಕೇಂದ್ರ ಸರ್ಕಾರದ ಅನುಮತಿ ಪಡೆಯುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಅದು ದೊಡ್ಡ ಕೆಲಸಗಳಿಗೆ, ಊರಿನ ಮನೆಗಳಿಗಲ್ಲ.

ಬಂದ ಮೇಲೆ ಮೊದಲ ವರ್ಷ ಇಲ್ಲಿನ ಸೀನಿಯರ್ ಒಬ್ಬರ ಜೊತೆ ಕಳೆಯಿರಿ. ಜಮ್ಮಾ, ಬಾಣೆ ಎಂಬ ಕೊಡಗಿನ ಹಳೆಯ ಹಿಡುವಳಿ ಜಾಗದ ದಾಖಲೆ ಹೇಗಿರುತ್ತದೆ, ಭೂ ಪರಿವರ್ತನೆ ಆಗದ ಜಾಗದಲ್ಲಿ ಏನು ಮಾಡಬಾರದು, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಮರದ ಕಂಬ ಬದಲಿಸುವಾಗ ಒಕ್ಕದವರ, ಅಂದರೆ ಆ ಮನೆತನದ ಎಲ್ಲರ, ಒಪ್ಪಿಗೆ ಯಾಕೆ ಬೇಕು ಅನ್ನುವುದೆಲ್ಲ ಯಾವ ದೇಶದ ಸಿಲೆಬಸ್‌ನಲ್ಲೂ ಇಲ್ಲ.

ಇನ್ನೂ ಮಕ್ಕಳನ್ನು ಕಳಿಸದೆ ಇರುವ ತಂದೆ ತಾಯಿಗೆ ಒಂದು ಮಾತು. ಬ್ರಿಟನ್ನಿನ ಪಾರ್ಟ್ ಒಂದರ ಡಿಗ್ರಿ ಸಾಮಾನ್ಯವಾಗಿ ಮೂರು ವರ್ಷದ್ದು. ಆಸ್ಟ್ರೇಲಿಯಾದಲ್ಲಿ ಮೂರು ವರ್ಷದ ಡಿಗ್ರಿ ಮೇಲೆ ಎರಡು ವರ್ಷ ಮಾಸ್ಟರ್ಸ್ ಮಾಡಿದರೆ ಓದು ಪೂರ್ತಿಯಾಗುತ್ತದೆ. ಅಮೆರಿಕದಲ್ಲಿ ಐದು ವರ್ಷದ ಬಿ.ಆರ್ಕ್ ಇದೆ, ನಾಲ್ಕು ವರ್ಷದ ಬೇರೆ ಡಿಗ್ರಿಯೂ ಇದೆ, ಹೆಸರು ಕೇಳಿದರೆ ಎರಡೂ ಆರ್ಕಿಟೆಕ್ಚರ್. ಮೂರೋ ನಾಲ್ಕೋ ವರ್ಷದ್ದನ್ನು ಮಾತ್ರ ಹಿಡಿದು ಬಂದರೆ ಇಲ್ಲಿನ ಐದು ವರ್ಷದ ಬಿ.ಆರ್ಕ್‌ಗೆ ಸಮ ಎಂದು ಒಪ್ಪಿಸುವುದು ಕಷ್ಟ, ಅಲ್ಲಿನ ಲೈಸೆನ್ಸಿಗೂ ಅದೊಂದೇ ಸಾಲದು. ಸೀಟು ಸಿಕ್ಕ ಖುಷಿಯಲ್ಲಿ ಮೊದಲ ಕಂತು ಕಟ್ಟುವ ಮುಂಚೆ ಆ ಕೋರ್ಸಿನ ಪೂರ್ತಿ ಹೆಸರು, ಎಷ್ಟು ವರ್ಷ, ಆ ದೇಶದ ಲೈಸೆನ್ಸ್ ಬೋರ್ಡ್ ಅದನ್ನು ಒಪ್ಪುತ್ತದಾ ಅನ್ನುವುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಅದೇ ಪತ್ರವನ್ನು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೂ ಕಳಿಸಿ, ಈ ಡಿಗ್ರಿ ಇಲ್ಲಿ ನೋಂದಣಿಗೆ ನಡೆಯುತ್ತದಾ ಅಂತ ಕೇಳಿ. ಉತ್ತರ ಬರುವ ತನಕ ಏಜೆಂಟರ ಮಾತಿಗೆ ದುಡ್ಡು ಕೊಡಬೇಡಿ.